ಐವತ್ತಮೂರನೇ ಬಾಗಿಲಲ್ಲಿ ಕೂತಿದ್ದವರು

ಆ ಸಭೆ ನಡೆದದ್ದು ಶನಿವಾರ ಅಲ್ಲ, ಭಾನುವಾರ ಎಂದು ನನ್ನನ್ನು ತಿದ್ದಲು ಬರುವವರು ಮೊದಲು ಬಾಯಿ ಮುಚ್ಚಿಕೊಂಡು ಕೇಳಿ. ನನ್ನ ಮಂಡಿ ಹೋಗಿದೆ, ಎಡಗಿವಿ ಹೋಗಿದೆ, ನೆನಪು ಎಲ್ಲಿಗೂ ಹೋಗಿಲ್ಲ. ಅವತ್ತು ಬೆಳಿಗ್ಗೆ ನಾನು ಶನಿವಾರದ ಹಬೆಸ್ನಾನಕ್ಕೆ ಸೌನಾದ ಒಲೆಗೆ ಸೌದೆ ಒಟ್ಟಿಟ್ಟಿದ್ದೆ. ಶನಿವಾರ ಅಲ್ಲದೆ ಮತ್ತೇನು? ನವೆಂಬರಿನ ಕೊನೆ. ಫಿನ್‌ಲ್ಯಾಂಡಿನ ಈ ಮೂಲೆಯಲ್ಲಿ ಆ ತಿಂಗಳ ಬೆಳಕು ಮುನಿಸಿಕೊಂಡ ನೆಂಟರ ಹಾಗೆ. ತಡವಾಗಿ ಬರುತ್ತದೆ, ಕೋಟೂ ಬಿಚ್ಚದೆ ಹೊರಟುಬಿಡುತ್ತದೆ.

ನಮ್ಮ ಸಾಲಿನಲ್ಲಿ ಆರು ಮನೆ. ಮೂರನೆಯದು ಇಲ್ಪೋ ತೆನ್ಹುನೆನ್‌ನದು. ಕಾಗದದ ಕಾರ್ಖಾನೆಯಲ್ಲಿ ಮೀಟರು ರಿಪೇರಿ ಮಾಡುತ್ತಿದ್ದವನು. ಕಾರ್ಖಾನೆ ಮುಚ್ಚಿದ ಮೇಲೆ ಅವನನ್ನು ಯಾರೂ ಯಾವುದಕ್ಕೂ ಕರೆಯಲಿಲ್ಲ. ಆಗ ಅವನು ಸೋಪಿನ ಡಬ್ಬಿಯಷ್ಟು ದೊಡ್ಡ ಕಂಪ್ಯೂಟರೊಂದನ್ನು ತಂದು ಆರೂ ಮನೆಗಳ ಇಂಟರ್‌ನೆಟ್ಟನ್ನು ಅದರ ಕೈಗೆ ಕೊಟ್ಟ. ಡಿಎನ್ಎಸ್ ಸರ್ವರ್ ಅನ್ನುತ್ತಾರೆ. ನೀವು ತಾಣದ ಹೆಸರು ಹೇಳಿದರೆ ಅದು ನಂಬರು ಹುಡುಕಿ ಕೊಡುತ್ತದೆ. ಜಾಹೀರಾತಿನವರ ಹೆಸರು ಬಂದರೆ ಮಾತ್ರ ‘ಅಂಥವರು ಯಾರೂ ಇಲ್ಲ’ ಅನ್ನುತ್ತದೆ. ಕೆಲಸ ಹೋದವನಿಗೆ ಕೆಲಸ ಸಿಕ್ಕಿತು. ಮೊದಲ ಚಳಿಗಾಲ ಕಳೆದ ಮೇಲೆ ಮೂರು ವರ್ಷದಿಂದ ಒಂದು ದಿನವೂ ನಿಂತಿಲ್ಲ ಎಂದು ಬಸ್‌ ಸ್ಟಾಪಿನಲ್ಲಿ ಗುರುತಿಲ್ಲದವರಿಗೂ ಹೇಳುತ್ತಿದ್ದ. ನಮ್ಮಲ್ಲಿ ಬಸ್‌ ಸ್ಟಾಪಿನಲ್ಲಿ ಗಂಡ ಹೆಂಡತಿಯೂ ಮಾತಾಡುವುದಿಲ್ಲ.

ಅವತ್ತು ಮೂರು ಗಂಟೆಗೆ ಸಾಲುಮನೆಯವರ ವಾರ್ಷಿಕ ಸಭೆ. ಏಳನೆಯ ವಿಷಯ: ಇಲ್ಪೋನ ಪೆಟ್ಟಿಗೆ ತೆಗೆದು ಫೋನ್ ಕಂಪನಿಯ ಪೆಟ್ಟಿಗೆ ಹಾಕಿಸುವುದೋ ಬೇಡವೋ. ತಂದಿಟ್ಟವನು ಅಧ್ಯಕ್ಷ ಕೌಕೋ ಪ್ಯೂಕ್ಕೊನೆನ್. ಅವನು ನಿಯಮಾವಳಿಯನ್ನು ದಿಂಬಿನ ಕೆಳಗಿಟ್ಟು ಮಲಗುವವನು. ಪೆಟ್ಟಿಗೆ ಹೋದರೆ ಇಲ್ಪೋ ಮತ್ತೆ ಕಿಟಕಿಯ ಪಕ್ಕ ಕೂತು ಹಿಮ ಬೀಳುವುದನ್ನು ನೋಡಬೇಕು. ಅದು ಅವನಿಗೆ ಗೊತ್ತಿತ್ತು.

ಗೊತ್ತಿದ್ದವನು ಸುಮ್ಮನಿರಬೇಕಲ್ಲ? ಸಭೆಗೆ ಪೆಟ್ಟಿಗೆ ಹೊಸ ಅಂಗಿ ತೊಟ್ಟುಕೊಂಡೇ ಹೋಗಲಿ ಎಂದು ಬೆಳಿಗ್ಗೆ ಅದರ ಪ್ರೋಗ್ರಾಮನ್ನು ಅಪ್‌ಡೇಟ್ ಮಾಡಿದ. ಪ್ರೋಗ್ರಾಮು ಮೇಲೇಳಲಿಲ್ಲ. ಪರದೆಯ ಮೇಲೆ ಒಂದೇ ಸಾಲು: ಬಾಗಿಲು ಐವತ್ತಮೂರು, ಆಗಲೇ ಬಳಕೆಯಲ್ಲಿದೆ.

ಯಂತ್ರದೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ನಂಬರಿನ ಬಾಗಿಲು. ಹೆಸರು ಕೇಳಿಕೊಂಡು ಬರುವವರು ಬರುವುದು ಐವತ್ತಮೂರಕ್ಕೇ. ಅಲ್ಲಿ ಇರುವುದು ಒಂದೇ ಕುರ್ಚಿ. ಇಲ್ಪೋನ ಪ್ರೋಗ್ರಾಮು ಹೋಗಿ ನೋಡಿದರೆ ಅಲ್ಲಿ ಬೇರೆ ಯಾರೋ ಕೂತಿದ್ದಾರೆ.

ಅಷ್ಟರಲ್ಲಿ ಕೌಕೋ ಟ್ಯಾಬ್ಲೆಟ್ ಹಿಡಿದುಕೊಂಡು ಒಳಗೆ ಬಂದ.

“ಇಲ್ಪೋ, ಎಲ್ಲೋ ಒಂದೊಂದು ಬರ್ತಿದ್ದ ಜಾಹೀರಾತು ಇವತ್ತು ಸಾಲಾಗಿ ಬರ್ತಿದೆ ಕಣಯ್ಯ. ಕಿವಿ ಮಷೀನು, ಮೂಲವ್ಯಾಧಿ ಮುಲಾಮು, ಶವಪೆಟ್ಟಿಗೆ. ನನಗೆ ಇಷ್ಟು ವಯಸ್ಸಾಗಿದೆ ಅಂತ ಮೂರು ವರ್ಷದಿಂದ ಗೊತ್ತೇ ಆಗಿರ್ಲಿಲ್ಲ.”

“ಇಂಟರ್‌ನೆಟ್ಟು?”

“ಅದು ಚೆನ್ನಾಗೇ ನಡೀತಿದೆ.”

ಇಲ್ಪೋನ ಮುಖ ಹುಳಿ ಹಾಲಾಯಿತು. ತನ್ನ ಪ್ರೋಗ್ರಾಮು ಬಿದ್ದಿದೆ, ಆರು ಮನೆಯೂ ನಡೆಯುತ್ತಿದೆ. ಹಾಗಾದರೆ ನಡೆಸುತ್ತಿರುವವರು ಯಾರು?

ಯಂತ್ರವನ್ನೇ ಕೇಳಿದ. ಅದು ಒಂದು ಹೆಸರು ಹೇಳಿತು: ಸಿಯೈನೆನ್. ನಮ್ಮ ಮಾತಿನಲ್ಲಿ ಬದಲಿ ಆಳು ಎಂದರ್ಥ. ಮೇಷ್ಟ್ರಿಗೆ ಜ್ವರ ಬಂದರೆ ಶಾಲೆಗೆ ಬರುತ್ತಾರಲ್ಲ, ಅಂಥವರು.

“ಕಳ್ಳ,” ಅಂದ ಇಲ್ಪೋ.

“ಹೆಸರೇನೋ ಮರ್ಯಾದಸ್ಥರದ್ದು,” ಅಂದ ಕೌಕೋ. “ಕಳ್ಳರು ಅಂಥದ್ದೇ ಇಟ್ಕೋತಾರೆ. ಪೊಲೀಸಿಗೆ ಹೇಳೋಣ್ವಾ?”

“ಏನಂತ ಹೇಳ್ತೀಯ?”

“ಯಾರೋ ಬಂದು ಕೂತಿದ್ದಾನೆ, ಏನೂ ಕದ್ದಿಲ್ಲ, ಕೆಲಸ ಮಾಡ್ತಿದ್ದಾನೆ ಅಂತ.”

“ಮನೆಗೆ ಹೋಗು ಕೌಕೋ.”

ಕೌಕೋ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತ. ಅಡುಗೆಮನೆಯಿಂದ ಇಲ್ಪೋನ ಹೆಂಡತಿ ಮಾರ್ಕೆತ್ತ ಸೌಟು ಹಿಡಿದುಕೊಂಡೇ ಬಂದಳು.

“ನಡೀತಿದ್ಯಲ್ಲ, ಬಿಟ್ಬಿಡು. ಮೀನಿನ ಸಾರು ಆರ್ತಿದೆ.”

“ನನ್ನ ಪೆಟ್ಟಿಗೇಲಿ ಯಾರೋ ಇದ್ದಾರೆ ಮಾರ್ಕೆತ್ತ.”

“ಇದ್ರೆ ಇರ್ಲಿ. ಯಾರಿಗೆ ಏನು ತೊಂದ್ರೆ?”

ಇಲ್ಪೋ ಆ ಬದಲಿ ಆಳಿನ ಪ್ರೋಗ್ರಾಮನ್ನು ನಿಲ್ಲಿಸಿ ಕೊಂದ. ಎರಡು ಸೆಕೆಂಡಿನಲ್ಲಿ ಅದು ಎದ್ದು ಅದೇ ಕುರ್ಚಿಯ ಮೇಲೆ ಕೂತಿತು. ಮತ್ತೆ ಕೊಂದ. ಮತ್ತೆ ಕೂತಿತು. ನಾಲ್ಕನೆಯ ಸಲಕ್ಕೆ ಕೌಕೋ ಬಾಯಲ್ಲಿ ಲೆಕ್ಕ ಹಾಕತೊಡಗಿದ. ಕೆರೆದಂಡೆಯ ಸೊಳ್ಳೆಗೂ ಅಷ್ಟು ಹಟ ಇರುವುದಿಲ್ಲ.

“ಪ್ಲಗ್ ಕಿತ್ತು ಹಾಕು,” ಅಂದ ಕೌಕೋ.

ಇಲ್ಪೋ ಮೇಜಿನ ಕೆಳಗೆ ತೂರಿ ಪ್ಲಗ್ ಕಿತ್ತ. ಮೇಲೇಳುವಾಗ ತಲೆ ಹೊಡೆದುಕೊಂಡು ನಿಂಬೆಕಾಯಿಯಷ್ಟು ಬುಗುಟು ಎದ್ದಿತು. ಪ್ಲಗ್ ಹಾಕಿದರೆ ಬದಲಿ ಆಳು ಇವನ ಪ್ರೋಗ್ರಾಮಿಗಿಂತ ಮೊದಲೇ ಬಂದು ಕೂತಿದ್ದ.

“ನಿನಗಿಂತ ಅವನೇ ಚುರುಕು,” ಅಂದ ಕೌಕೋ.

“ಇದನ್ನ ಬೇರುಸಹಿತ ತೆಗೀತೀನಿ,” ಅಂದ ಇಲ್ಪೋ.

“ತೆಗೀಬೇಡ,” ಅಂದಳು ಮಾರ್ಕೆತ್ತ. ಅಷ್ಟೇ. ಕಾರಣ ಹೇಳಲಿಲ್ಲ. ಒಲೆ ಆರಿಸಿ, ಕೋಟು ಹಾಕಿಕೊಂಡು, ಔನೆಯನ್ನು ನೋಡಿ ಬರ್ತೀನಿ ಎಂದು ಹೊರಟಳು. ಔನೆ ಕೊನೆಯ ಮನೆಯ ಅಜ್ಜಿ, ಎಪ್ಪತ್ತೆಂಟು ವರ್ಷ. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಚುಚ್ಚಿ ಊರಿಗೆ ಊರನ್ನೇ ಮಾತಾಡಿಸುತ್ತಿದ್ದವಳು. ಸಭೆಯ ಕಾಫಿ ಬನ್ನು ಅವಳದು. ಹೆಂಡತಿ ಕಾಫಿಗೆ ಕೈಜೋಡಿಸಲು ಹೋದಳೆಂದುಕೊಂಡ ಇಲ್ಪೋ.

ಎರಡೂ ಮುಕ್ಕಾಲಿಗೆ ಬೇರು ಸಿಕ್ಕಿತು. ಒಂದಲ್ಲ, ಮೂರು ಕಡೆ ಇತ್ತು. ಮೂರೂ ಕಡೆ ಅಳಿಸಿದ. ಕುರ್ಚಿ ಖಾಲಿಯಾಯಿತು, ಇವನ ಪ್ರೋಗ್ರಾಮು ಹೋಗಿ ಕೂತಿತು, ಹಸಿರು ದೀಪ ಹತ್ತಿತು. ಮೂರು ವರ್ಷದಲ್ಲಿ ಇಲ್ಪೋ ನಕ್ಕದ್ದನ್ನು ಅವತ್ತೇ ಮೊದಲು ನೋಡಿದೆ ಎಂದು ಕೌಕೋ ಆಮೇಲೆ ನನಗೆ ಹೇಳಿದ. ನೋಡಲು ಅಷ್ಟೇನೂ ಚೆನ್ನಾಗಿರಲಿಲ್ಲವಂತೆ.

ಸಭೆಯ ಕೋಣೆಯಲ್ಲಿ ಮನೆಗೊಬ್ಬರಂತೆ ಕೂತಿದ್ದೆವು. ಇಲ್ಪೋನ ಮನೆಯಿಂದ ಮಾತ್ರ ಇಬ್ಬರು. ಹೊರಗೆ ಆಗಲೇ ಕತ್ತಲು. ಮಾರ್ಕೆತ್ತ ಔನೆಯ ಕಿವಿಯಲ್ಲಿ ಏನೋ ಹೇಳಿ ಮುಗಿಸಿದ್ದಳು. ಔನೆ ಹೆಣಿಗೆ ನಿಲ್ಲಿಸದೆ ತಲೆಯಾಡಿಸುತ್ತಿದ್ದಳು. ಕೌಕೋ ಟ್ಯಾಬ್ಲೆಟ್ಟಿನಲ್ಲಿ ಒಂದೊಂದೇ ವಿಷಯ ಓದಿ ಏಳಕ್ಕೆ ಬಂದ. ಇಲ್ಪೋ ಬುಗುಟಿನ ಸಮೇತ ಎದ್ದು ನಿಂತ.

“ನಮ್ಮ ಪೆಟ್ಟಿಗೇಲಿ ಒಬ್ಬ ಕಳ್ಳ ಸೇರ್ಕೊಂಡಿದ್ದ. ಇವತ್ತು ಓಡ್ಸಿದೀನಿ. ಇನ್ಮೇಲೆ ಅಲ್ಲಿ ನನ್ನದೊಂದೇ. ಮೂರು ವರ್ಷ ಹೇಗೆ ನಡೆಸಿದ್ನೋ ಹಾಗೇ...”

“ಇದು ನಿಂತೋಯ್ತು,” ಅಂದ ಕೌಕೋ, ಟ್ಯಾಬ್ಲೆಟ್ ಕುಟ್ಟುತ್ತ. “ಮುಂದಿನ ಪುಟ ಬರ್ತಿಲ್ಲ.”

ನಾಲ್ಕನೆಯ ಮನೆಯವರ ಫೋನೂ ನಿಂತಿತು. ನನ್ನದೂ ನಿಂತಿತು. ಇಲ್ಪೋ ತನ್ನ ಫೋನು ತೆಗೆದು ನೋಡಿ ಮತ್ತೆ ಜೇಬಿಗಿಟ್ಟ. ಗೋಡೆಯ ಗಡಿಯಾರ ಮೂರೂ ಕಾಲು. ಅರ್ಧ ಗಂಟೆ ಬದುಕಿತ್ತು ಅವನ ಪ್ರೋಗ್ರಾಮು.

ಔನೆ ಹೆಣಿಗೆಯನ್ನು ತೊಡೆಯ ಮೇಲಿಟ್ಟಳು.

“ಅದು ಕಳ್ಳ ಅಲ್ಲಪ್ಪ. ನಾನು ಕೂರ್ಸಿದ್ದು.”

“ನೀನು?”

“ಲೈಬ್ರರೀಲಿ ಮುದುಕರಿಗೆ ಕಂಪ್ಯೂಟರ್ ಕಲಿಸ್ತಾರಲ್ಲ, ಅಲ್ಲಿ ಕಲ್ತೆ. ಎಕ್ಸ್‌ಚೇಂಜಲ್ಲೂ ಹೀಗೇ ಮಾಡ್ತಿದ್ವಿ. ಕರೆ ಬಂತು ಅನ್ಕೋ, ಮೊದಲು ನಿನ್ನನ್ನೇ ಕೇಳೋದು. ನೀನು ಎತ್ಲಿಲ್ಲ ಅಂದ್ರೆ ಕಾಯ್ಸಬಾರ್ದು, ಬೇರೆ ಕಡೆ ಕೊಡೋದು, ಅಲ್ಲಿ ಜಾಹೀರಾತು ತಡೆಯೋರಿಲ್ಲ. ನಿನ್ನದನ್ನ ಹಿಂದಿನ ಬಾಗಿಲಲ್ಲಿ ಕೂರ್ಸಿ, ಮುಂದೆ ಇದನ್ನಿಟ್ಟೆ. ಇವತ್ತು ನೀನು ಹೊಸದು ಹಾಕಿದ್ದಕ್ಕೆ ನಿನ್ನದು ಹಿಂದಿನ ಬಾಗಿಲು ಮರೆತು ಮುಂದಕ್ಕೆ ಬಂತು. ಅಷ್ಟೇ ಜಗಳ.”

“ನನ್ನದು ಎಷ್ಟು ಸಲ ಎತ್ತಿಲ್ಲ?”

“ಬೇಡ ಬಿಡು.”

“ಹೇಳು.”

“ದಿನಾ,” ಅಂದಳು ಔನೆ. “ಅರ್ಧ ಗಂಟೆಗೊಂದ್ಸಲ ಮಲಗತ್ತೆ. ಹತ್ತು ನಿಮಿಷಕ್ಕೆ ಅದೇ ಏಳತ್ತೆ.”

ಇಲ್ಪೋ ಸುತ್ತ ನೋಡಿದ. ನಾವೆಲ್ಲ ಬನ್ನನ್ನು ನೋಡುತ್ತಿದ್ದೆವು. ಕೌಕೋ ಒಬ್ಬನೇ ಬಾಯಿ ತೆರೆದು ಕೂತಿದ್ದ. ಹೇಳಿದರೆ ಸಭೆಯ ನಡಾವಳಿಯಲ್ಲಿ ಬರೆಯುತ್ತಾನೆಂದು ಅವನೊಬ್ಬನಿಗೆ ಮಾತ್ರ ಹೇಳಿರಲಿಲ್ಲ.

“ಯಾರು ಹೇಳಿದ್ದು ಹೀಗೆ ಮಾಡು ಅಂತ?”

“ನಾನು,” ಅಂದಳು ಮಾರ್ಕೆತ್ತ. “ನೀನು ಮನೇಲಿಲ್ದಾಗ ಔನೆಯನ್ನ ಕರ್ಸ್ದೆ. ಮೊದಲನೇ ಚಳಿಗಾಲ ಅದು ದಿನಾ ಕೆಡ್ತಿತ್ತು. ಕೆಟ್ಟ ದಿನ ನೀನು ಊಟ ಮಾಡ್ತಿರ್ಲಿಲ್ಲ. ಕಾರ್ಖಾನೆ ಮುಚ್ಚಿದಾಗ ಕೂತ ಹಾಗೇ ಕೂತಿರ್ತಿದ್ದೆ. ಅದು ಕೆಡ್ಲಿಲ್ಲ ಅಂದ್ರೆ ನೀನೂ ಕೆಡಲ್ಲ ಅನ್ಕೊಂಡೆ.”

ಇಲ್ಪೋ ಕೂತ. ಕೌಕೋ ಗಂಟಲು ಸರಿಮಾಡಿಕೊಂಡ. ಲೋಕ ಮುಳುಗಿದರೂ ಅವನು ಏಳಾದ ಮೇಲೆ ಎಂಟಕ್ಕೇ ಹೋಗುವವನು.

“ಮತಕ್ಕೆ ಹಾಕ್ತೀನಿ. ಮನೆಗೊಂದು ಮತ. ಇಲ್ಪೋನ ಪೆಟ್ಟಿಗೆ ತೆಗೀಬೇಕು ಅನ್ನೋರು ಕೈ ಎತ್ತಿ.”

ಒಂದೇ ಕೈ ಎದ್ದಿತು. ಇಲ್ಪೋನದು.

“ಇಟ್ಕೋಬೇಕು ಅನ್ನೋರು?”

ಐದು ಕೈ. ತಾನೇ ತಂದ ವಿಷಯಕ್ಕೆ ವಿರುದ್ಧವಾಗಿ ಕೌಕೋ ಎಲ್ಲರಿಗಿಂತ ಎತ್ತರಕ್ಕೆ ಎತ್ತಿದ್ದ.

“ಕೈ ಕೆಳಗಿಳ್ಸಿ,” ಅಂದ ಇಲ್ಪೋ. “ನನಗೆ ಅದು ಬೇಡ.”

“ನಿನಗೆ ಬೇಕಾ ಬೇಡ್ವಾ ಅಂತ ಕೇಳ್ಲಿಲ್ಲ,” ಅಂದ ಕೌಕೋ, ಬರೆದುಕೊಳ್ಳುತ್ತ. “ಒಂದಕ್ಕೆ ಐದು. ಪೆಟ್ಟಿಗೆ ನಿನ್ನ ಮನೇಲೇ ಇರುತ್ತೆ, ನೀನೇ ನೋಡ್ಕೋಬೇಕು. ಮುಂದಿನ ವಾರ್ಷಿಕ ಸಭೆವರೆಗೆ. ಎಂಟನೇ ವಿಷಯ, ಹಿಮ ಎತ್ತೋ ಸಲಿಕೆ.”

ಸಭೆ ಮುಗಿದ ಮೇಲೆ ಔನೆ ಅವನ ಮನೆಗೆ ಹೋದಳು. ಅವಳ ಕಣ್ಣಿಗೆ ಈಗ ಕೀಲಿಮಣೆಯ ಸಣ್ಣ ಅಕ್ಷರ ಕಾಣುವುದಿಲ್ಲ. ಅದಕ್ಕೆ ಅವಳು ಪಕ್ಕದಲ್ಲಿ ನಿಂತು ಒಂದೊಂದೇ ಸಾಲು ಹೇಳಿದಳು, ಇಲ್ಪೋ ಬರೆದ. ತನ್ನ ಪ್ರೋಗ್ರಾಮನ್ನು ತನ್ನ ಕೈಯಿಂದಲೇ ಹಿಂದಿನ ಬಾಗಿಲಿಗೆ ಕಳಿಸಿ, ಐವತ್ತಮೂರರಲ್ಲಿ ಬದಲಿ ಆಳನ್ನು ಕೂರಿಸಿದ. ಹಸಿರು ದೀಪ ಹತ್ತಿತು. ಮಾರ್ಕೆತ್ತ ಸಾರು ಬಿಸಿ ಮಾಡಿ ಬಡಿಸಿದಳು. ಅವನು ಉಂಡ. ಉಪ್ಪು ಸಾಲದು ಅಂತಲೂ ಅನ್ನಲಿಲ್ಲ.

ಇಷ್ಟೇ. ತಾನಿಲ್ಲದಿದ್ದರೆ ಮನೆ ನಿಂತುಹೋಗುತ್ತದೆ ಅಂದುಕೊಂಡವರು ನಿಮಗೆ ಯಾರಾದರೂ ಗೊತ್ತಿದ್ದರೆ ಇದನ್ನು ಅವರಿಗೆ ದಾಟಿಸಿ. ಊಟ ಆದ ಮೇಲೆ ಕಳಿಸಿ.