ದಾಳಿಂಬೆಯ ಬದಲು ಹಿಪ್ಪುನೇರಳೆ

ಯಾವ ವಿಷಯವನ್ನೇ ಕೊಡಿ, ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಗೆಲ್ಲಬಲ್ಲೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್‌ಗಳೇ ಸಾಕ್ಷಿ. ಆದರೆ ಎದುರಾಳಿ ಏಳು ತಿಂಗಳ ಬಸುರಿಯಾಗಿರಬಾರದು!

ವಿರೂಪಾಕ್ಷಿಪುರದ ನಮ್ಮ ಮನೆಗೆ ಬಂದಿದ್ದ ಅಕ್ಕನಿಗೆ ಎರಡು ದಿನದಿಂದ ಅನ್ನ ಸೇರುತ್ತಿರಲಿಲ್ಲ. ಆ ಬೆಳಿಗ್ಗೆ ತಾನಾಗಿಯೇ ಬಾಯಿಬಿಟ್ಟಳು: “ದಾಳಿಂಬೆ ಹಾಕಿ ಮೊಸರನ್ನ ಕಲಸ್ಕೊಟ್ರೆ ಒಸಿ ಉಣ್ತೀನಿ.”

ಅಮ್ಮ ನನ್ನನ್ನು ಚನ್ನಪಟ್ಟಣಕ್ಕೆ ಅಟ್ಟಿದಳು. ಹಣ್ಣಿನಂಗಡಿಯಲ್ಲಿ ಯಾರೋ ಒಬ್ಬರು, ಕಲ್ಲಂಗಡಿಗೆ ಸೂಜಿಯಲ್ಲಿ ಬಣ್ಣ ಚುಚ್ಚುತ್ತಾರೆ ಎಂದರು. ಅದು ಮೊಬೈಲಿನ ಸುಳ್ಳು ಸುದ್ದಿಯೆಂದು ಅರ್ಧ ಗಂಟೆ ವಾದಿಸಿದೆ. ಗೆದ್ದೆ. ಬರಿಗೈಯಲ್ಲಿ ಮನೆಗೆ ಬಂದೆ.

“ಹಣ್ಣೆಲ್ಲೇ?” ಎಂದಳು ಅಮ್ಮ.

ಮರೆತೆನೆಂದು ಒಪ್ಪಿಕೊಳ್ಳುವುದು ಚರ್ಚಾಪಟುವಿನ ಲಕ್ಷಣವಲ್ಲ. “ದಾಳಿಂಬೆನೇ ಯಾಕಮ್ಮ? ಅದರ ಕೆಲ್ಸ ಎರಡೇ. ಕೆಂಪಗಿರೋದು, ಕಚ್ಚಿದ್ರೆ ರಸ ಬಿಡೋದು. ಆ ಕೆಲ್ಸ ಬೇರೆ ಯಾವ ಹಣ್ಣಾದ್ರೂ ಮಾಡ್ತದೆ.”

“ವಾದ ಉಂಡ್ರೆ ಹೊಟ್ಟೆ ತುಂಬ್ತದಾ? ಕ್ಯಾರೆಟ್ ಐತೆ, ತುರಿದಾಕು.”

ಕ್ಯಾರೆಟ್! ರಸವೆಲ್ಲಿ? ತಿರಸ್ಕರಿಸಿದೆ. ಆಗ ತೋಟದ ಬದುವಿನ ಹಿಪ್ಪುನೇರಳೆ ಮರ ಕಣ್ಣಿಗೆ ಬಿತ್ತು. ರೇಷ್ಮೆ ಸಾಕುವ ನಮ್ಮಂಥವರಿಗೆ ಹಿಪ್ಪುನೇರಳೆ ಎಂದರೆ ಹುಳುಗಳಿಗೆ ಹಾಕುವ ಸೊಪ್ಪು. ಹಣ್ಣನ್ನು ಕೇಳುವವರಿಲ್ಲ. ಅದು ಮನುಷ್ಯರು ತಿನ್ನುವುದಲ್ಲ ಎನ್ನುವುದೂ ಒಂದು ಮೂಢನಂಬಿಕೆ ಎಂದು ತೀರ್ಮಾನಿಸಿ, ಒಂದು ಬಟ್ಟಲು ಕೆಂಪು ಹಣ್ಣು ಕಿತ್ತು ತಂದು ಮೊಸರನ್ನಕ್ಕೆ ಸುರಿದೆ.

ಹುಳಿ! ಸಕ್ಕರೆ ಹಾಕಿದೆ. ನೀರು ಬಿಟ್ಟಿತು. ಇನ್ನಷ್ಟು ಅನ್ನ ಸೇರಿಸಿದೆ. ಸಪ್ಪೆಯಾಯಿತು. ಚೆನ್ನಾಗಿ ಕಳಿತ ಕಪ್ಪು ಹಣ್ಣು ತಂದು ಹಾಕಿ ಕಿವುಚಿದೆ. ಮೊಸರನ್ನ ನೇರಳೆ ಬಣ್ಣಕ್ಕೆ ತಿರುಗಿತು. ತೊಟ್ಟು ಬಿಡಿಸುವುದನ್ನು ಮರೆತಿದ್ದರಿಂದ ಅಲ್ಲಲ್ಲಿ ಹಸಿರು ಬಾಲಗಳು ತಲೆಯೆತ್ತಿದವು.

ಅಮ್ಮ ಪಾತ್ರೆಗೆ ಇಣುಕಿದಳು. “ಇದನ್ನ ಯಾರ್ಗೆ ಮಾಡ್ದೆ? ಅಕ್ಕಂಗೋ, ರೇಷ್ಮೆ ಹುಳಕ್ಕೋ?”

“ಬಣ್ಣ ರುಚಿಗೆ ಸಾಕ್ಷಿಯಲ್ಲಮ್ಮ…”

“ಬಾಯ್ಮುಚ್ಕೊಂಡೋಗಿ ದಾಳಿಂಬೆ ತತ್ತಾ! ಬಸ್ರಿ ಬಾಯ್ಬುಟ್ಟು ಕೇಳವ್ಳೆ.”

ಸ್ಕೂಟರ್ ಹತ್ತಿದೆ. ಈ ಸಲ ಅಂಗಡಿಯಲ್ಲಿ ಯಾರ ಜೊತೆಗೂ ವಾದಿಸಲಿಲ್ಲ. ದಾರಿಯುದ್ದಕ್ಕೂ ಅಕ್ಕನ ಬಾಡಿದ ಮುಖವೇ ಕಣ್ಣ ಮುಂದೆ. ಎರಡು ದಾಳಿಂಬೆ ಹಿಡಿದು ಓಡುತ್ತ ಒಳಗೆ ಬಂದೆ.

ಅಕ್ಕ ಗೋಡೆಗೊರಗಿ ಕೂತು ಪಾತ್ರೆಯ ತಳ ಬಳಿಯುತ್ತಿದ್ದಳು! ತುಟಿ, ನಾಲಿಗೆ ಎಲ್ಲ ನೇರಳೆ. ತೊಟ್ಟುಗಳನ್ನು ತಟ್ಟೆಯಂಚಿಗೆ ನೀಟಾಗಿ ಸಾಲು ಜೋಡಿಸಿದ್ದಳು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಿದ್ದಳು, ಕಣ್ಣಲ್ಲಿ ನೀರು.

“ಅಂದ್ರೆ ನಾನೇ ಗೆದ್ದೆ!” ಎಂದು ಕೂಗಿದೆ.

“ಏನ್ ಗೆದ್ದೆ?” ಎಂದಳು ಅಕ್ಕ, ಬೆರಳು ನೆಕ್ಕುತ್ತ. “ಕಾದೂ ಕಾದೂ ಹೊಟ್ಟೆ ಚುರ್ ಅಂತು ಕಣೇ. ಇನ್ನೊಸಿ ತಡ ಮಾಡಿದ್ರೆ ಹುಳದ ಸೊಪ್ಪೂ ತಿಂದ್ಬುಡ್ತಿದ್ದೆ!”

ತೀರ್ಪು ಸ್ಪಷ್ಟ. ದಾಳಿಂಬೆಗೆ ತಕ್ಕ ಬದಲಿ ಹಸಿವು. ಅದನ್ನು ತಯಾರಿಸಲು ನನ್ನಿಂದ ಬೇಕಾಗಿದ್ದದ್ದು ಒಂದೇ: ಮನೆಯಲ್ಲಿ ಇಲ್ಲದಿರುವುದು.