ಅರ್ಧ ಗಂಟೆಯ ಕೆಲಸ

ಅಡುಗೆಮನೆಯ ನಲ್ಲಿ ತೊಟ್ಟಿಕ್ಕಲು ಶುರುವಾಗಿ ಎಷ್ಟು ಕಾಲವಾಗಿತ್ತೆಂದರೆ, ಮನೆಗೆ ಬಂದವರು ಅದನ್ನು ಕೇಳಿ ಗಡಿಯಾರ ಎಲ್ಲಿದೆ ಎಂದು ಹುಡುಕುತ್ತಿದ್ದರು. ರಾತ್ರಿ ಮಲಗುವ ಮುಂಚೆ ಹೆಂಡತಿ ಅದರ ಮೂತಿಗೊಂದು ಬಟ್ಟೆ ಸುತ್ತಿ, ಕೆಳಗೆ ಪಾತ್ರೆ ಇಡುತ್ತಿದ್ದಳು. ಬೆಳಿಗ್ಗೆ, ಹಾಸಿಗೆ ಹಿಡಿದ ಅತ್ತೆಯ ಸೇವೆ ಮಾಡುವವಳಂತೆ, ಬಟ್ಟೆ ಹಿಂಡಿ ಪಾತ್ರೆ ಚೆಲ್ಲುತ್ತಿದ್ದಳು.

ಗಂಡ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ, ಹರಿದ ಪುಸ್ತಕಕ್ಕೆ ಅಂಟು ಹಚ್ಚುವ ಕೆಲಸದವರು. ಬೀದಿಯವರಿಗೆಲ್ಲ ಅವರು ಲೈಬ್ರರಿಯವರು. ‘ಬರೋ ಭಾನುವಾರ ಮಾಡ್ತೀನಿ’ ಎಂದು ಅವರು ಹೇಳಿದಾಗೆಲ್ಲ ಹೆಂಡತಿ ರೇಗುತ್ತಿದ್ದಳು. ಹೋದ ವಾರ ಮಾತ್ರ ರೇಗಲಿಲ್ಲ. ‘ಆಯ್ತು’ ಎಂದಳು. ಪಾತ್ರೆ ಚೆಲ್ಲಿದಳು, ಬ್ಯಾಗಿಗೆ ಸೀರೆ ತುಂಬಿಕೊಂಡಳು, ಅಕ್ಕನ ಮನೆಗೆ ಹೊರಟುಹೋದಳು. ಆ ‘ಆಯ್ತು’ ಲೈಬ್ರರಿಯವರ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಆಮೇಲಿನ ರಾತ್ರಿಗಳಲ್ಲಿ ಬಟ್ಟೆ ಸುತ್ತುವವರಿಲ್ಲದೆ ಅವರು ನಲ್ಲಿಯ ಸದ್ದನ್ನು ಮೊದಲ ಸಲ ಪೂರ್ತಿಯಾಗಿ ಕೇಳಿಸಿಕೊಂಡರು.

ಭಾನುವಾರ ಬೆಳಿಗ್ಗೆ ಹೆಂಡತಿಯ ಫೋನು ಬಂತು. ‘ಸಂಜೆ ಬಸ್ಸಿಗೆ ಬರ್ತೀನಿ.’ ಅಷ್ಟೇ.

ಲೈಬ್ರರಿಯವರು ಪಕ್ಕದ ಬೀದಿಗೆ ಹೋಗಿ ಪಾನಾ, ಬಿಳಿ ಟೇಪು, ಗಾತ್ರಕ್ಕೊಂದರಂತೆ ನಾಲ್ಕಾರು ವಾಷರು ತಂದರು. ನೀರು ನಿಲ್ಲಿಸಲು ಸಿಂಕಿನ ಕೆಳಗಿದ್ದ ವಾಲ್ವನ್ನು ತಿರುಗಿಸಿದರು. ಅದು ಬೆಣ್ಣೆಯ ಹಾಗೆ ತಿರುಗಿತು. ಎಷ್ಟು ತಿರುಗಿಸಿದರೂ ತಿರುಗಿತು. ಒಳಗೆ ಸವೆದುಹೋದ ವಾಲ್ವು ಹೀಗೇ ಸರಾಗವಾಗಿ ತಿರುಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನೀರು ನಿಂತಿತೆಂದು ನಂಬಿ, ಪಾನಾ ಹಾಕಿ ನಲ್ಲಿಯ ತಲೆ ಬಿಚ್ಚಿದರು.

ನೀರು ಸೂರಿಗೆ ಹಾರಿತು. ನಲ್ಲಿಯ ತಲೆ ಡಬ್ಬಿಗಳ ಹಿಂದೆಲ್ಲೋ ಹೋಗಿ ಬಿತ್ತು. ಕನ್ನಡಕ ಸಿಂಕಿನೊಳಗೆ ಬಿದ್ದು ತೇಲುವುದೋ ಮುಳುಗುವುದೋ ಎಂದು ಯೋಚಿಸುತ್ತಿತ್ತು. ಲೈಬ್ರರಿಯವರು ಎರಡೂ ಅಂಗೈ ಸೇರಿಸಿ ತೂತನ್ನು ಒತ್ತಿ ಹಿಡಿದರು. ಬೆರಳಸಂದಿಯಿಂದ ನೀರು ಬೀಸಣಿಗೆಯ ಹಾಗೆ ಹರಡಿಕೊಂಡಿತು. ಈಗ ಕೈ ಬಿಡುವ ಹಾಗಿಲ್ಲ, ಹಿಡಿದುಕೊಂಡು ಹೋಗಲು ಎಲ್ಲಿಗೂ ದಾರಿಯಿಲ್ಲ.

‘ಯಾರಾದ್ರೂ ಬನ್ನಿ!’ ಎಂದು ಕೂಗಿದರು. ಜೀವಮಾನವಿಡೀ ‘ಮೆಲ್ಲಗೆ ಮಾತಾಡಿ’ ಎಂದು ಹೇಳಿ ಹೇಳಿ ಅವರ ಗಂಟಲು ಆ ಮಾತನ್ನು ತಾನೇ ಪಾಲಿಸಲು ಕಲಿತುಬಿಟ್ಟಿತ್ತು. ಕೂಗು ಅಡುಗೆಮನೆಯ ಬಾಗಿಲು ದಾಟಲಿಲ್ಲ.

ದಾಟಿದ್ದು ನೀರು. ಅದು ಹಜಾರದಲ್ಲಿ ಹರಿದು, ಹೊಸ್ತಿಲಿಳಿದು, ಎದುರುಮನೆಯ ಟೈಲರಮ್ಮ ತನ್ನ ಬಾಗಿಲ ಮುಂದೆ ಕತ್ತರಿಸಿ ಹಾಸಿದ್ದ ಲಂಗದ ಬಟ್ಟೆಗೆ ತಾಗಿತು. ಅವಳು ಧಡಧಡ ಬಂದಳು.

‘ಅಯ್ಯೋ ಅಣ್ಣಾ! ಇದೇನು, ನಲ್ಲಿ ಕತ್ತು ಹಿಸುಕ್ತಾ ಇದೀರಲ್ಲ!’

‘ಕೈ ಬಿಟ್ರೆ ಮನೆ ಮುಳುಗುತ್ತಮ್ಮ.’

‘ಮುಳುಗೋದಕ್ಕೆ ಇನ್ನೇನು ಬಾಕಿ ಇದೆ?’ ಎನ್ನುತ್ತ ಅವಳು ಮೆಟ್ಟಿಲ ಬುಡಕ್ಕೆ ಹೋಗಿ ಮೇಲಿನ ಮನೆಯ ಡ್ರೈವರನ್ನು ಕೂಗಿದಳು. ಅವಳ ಕೂಗಿಗೆ ಬೀದಿಯೇ ಬರಬೇಕಿತ್ತು. ಪುಣ್ಯಕ್ಕೆ ಅವರೊಬ್ಬರೇ ಬಂದರು.

ಡ್ರೈವರು ಬಸ್ಸು ಬಿಟ್ಟು ನಿವೃತ್ತರಾಗಿದ್ದರೂ ಯಾವ ಯಂತ್ರ ಕಂಡರೂ ಅದರ ಚುಕ್ಕಾಣಿ ಹಿಡಿಯುವವರು. ‘ಅಲ್ಲಾಡ್ಬೇಡಿ!’ ಎಂದು ಅಪ್ಪಣೆ ಕೊಟ್ಟು, ಮಾಳಿಗೆಯೇರಿ, ಇಡೀ ಕಟ್ಟಡದ ನೀರನ್ನೇ ನಿಲ್ಲಿಸಿದರು. ಕೆಳಗೆ ಕಾರಂಜಿ ಇಳಿಯಿತು. ಮೇಲೆ ಡ್ರೈವರ ಸ್ನಾನದ ಮನೆಯಿಂದ ಅವರ ಹೆಂಡತಿಯ ಕೂಗು ಎದ್ದಿತು.

‘ಯಾವನ್ರೀ ನೀರು ನಿಲ್ಸಿದ್ದು? ಕಣ್ಣಿಗೆ ಸೋಪು ಹೋಗಿದೆ!’

‘ಯಾರೋ ಕೆಳಗಡೆಯವ್ರು ಕಣೇ,’ ಎಂದರು ಡ್ರೈವರು, ಕಣ್ಣು ಮಿಟುಕಿಸದೆ.

ಆಮೇಲೆ ಇಬ್ಬರೂ ಲೈಬ್ರರಿಯವರ ಅಡುಗೆಮನೆಯನ್ನು ವಹಿಸಿಕೊಂಡರು. ಡಬ್ಬಿಗಳ ಹಿಂದಿನಿಂದ ನಲ್ಲಿಯ ತಲೆ ಸಿಕ್ಕಿತು, ಅದನ್ನು ಸಿಂಕಿನ ಮೇಲೆ ಹಿಡಿದು ನೋಡಲು ಡ್ರೈವರು ಬಗ್ಗಿದಾಗ ಅದರ ಪುಟ್ಟ ಸ್ಕ್ರೂ ಸಿಂಕಿನ ತೂತಿಗೆ ಉರುಳಿತು. ‘ಹೋದ್ರೆ ಎಲ್ಲಿಗೆ ಹೋಗುತ್ತೆ’ ಎಂದು ಅವರು ಸಿಂಕಿನ ಕೆಳಗಿನ ಕೊಳವೆ ಬಿಚ್ಚಿದರು. ಸ್ಕ್ರೂ ಬಂತು. ಅದರ ಜೊತೆಗೆ ಕೊಳವೆಯಲ್ಲಿ ಕೂತಿದ್ದ ಕಪ್ಪು ಕೊಚ್ಚೆಯೂ ಬಂದು ಅವರ ಪಾದದ ಮೇಲೆ ಬಿತ್ತು.

‘ಬಕೆಟ್ ಇಡ್ಬೇಕಿತ್ತು,’ ಎಂದಳು ಟೈಲರಮ್ಮ.

‘ಮೊದ್ಲೇ ಹೇಳೋಕೇನಾಗಿತ್ತು?’

‘ನೀವು ದೊಡ್ಡವ್ರು, ತಿಳಿದವ್ರು ಅಂದ್ಕೊಂಡೆ.’

ಮಾತಿಗೆ ಮಾತು ಬೆಳೆಯಿತು. ಲೈಬ್ರರಿಯವರು ಕೈಮುಗಿದರು. ‘ದಯವಿಟ್ಟು ಇಬ್ರೂ ಹೋಗಿ. ನಾನೊಬ್ನೇ ನೋಡ್ಕೋತೀನಿ. ಇನ್ನೊಂದು ಉಪಕಾರ ಮಾಡಿ. ಈ ರಂಪ ನಮ್ಮನೆಯವಳ ಕಿವಿಗೆ ಬೀಳೋದು ಬೇಡ.’

ಅವರ ಒದ್ದೆ ಮುಖ ನೋಡಿ ಟೈಲರಮ್ಮನ ಮನಸ್ಸು ಕರಗಿತು. ‘ನನ್ನ ಬಾಯಿಂದ ಒಂದಕ್ಷರ ಬಂದ್ರೆ ಕೇಳಿ ಅಣ್ಣಾ,’ ಎಂದಳು. ಡ್ರೈವರೂ ಕಾಲು ತೊಳೆಯಲು ನೀರಿಲ್ಲದೆ ಹಾಗೇ ಮೇಲೆ ಹೋದರು.

ಮನೆ ನಿಶ್ಶಬ್ದವಾಯಿತು. ಲೈಬ್ರರಿಯವರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ನಲ್ಲಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಹಳೆಯ ವಾಷರು ಮುಟ್ಟಿದರೆ ಪುಡಿಯಾಗುತ್ತಿತ್ತು. ಇಷ್ಟೇ ಇಷ್ಟು ರಬ್ಬರು. ಇದಕ್ಕಾಗಿ ಅವಳು ಅಷ್ಟೊಂದು ರಾತ್ರಿ ಬಟ್ಟೆ ಸುತ್ತಿ ಪಾತ್ರೆ ಇಡುತ್ತಿದ್ದಳಲ್ಲ ಎಂದು ಅವರ ಕಣ್ಣು ತೇವವಾಯಿತು. ಒಂದೊಂದೇ ವಾಷರು ಕೂರಿಸಿ ನೋಡಿದರು, ತೆಗೆದರು. ಒಂದು ಸರಿಯಾಗಿ ಕೂತಿತು. ಬೆನ್ನು ಹರಿದ ಪುಸ್ತಕಕ್ಕೆ ಪಟ್ಟಿ ಸುತ್ತುವ ಹಾಗೆ, ಒಂದು ಸುಕ್ಕೂ ಇಲ್ಲದಂತೆ ಟೇಪು ಸುತ್ತಿದರು. ಬಿಗಿದರು. ಸಿಂಕಿನ ಕೆಳಗಿನ ಕೊಳವೆಯನ್ನೂ ಮರಳಿ ಜೋಡಿಸಿದರು. ಮಾಳಿಗೆಗೆ ಹೋಗಿ ನೀರು ಬಿಟ್ಟು ಬಂದು ಉಸಿರು ಬಿಗಿಹಿಡಿದು ನಿಂತರು.

ಒಂದು ಹನಿಯೂ ಇಲ್ಲ.

ಊಟದ ನೆನಪೂ ಆಗದೆ ಮಧ್ಯಾಹ್ನವಿಡೀ ನೆಲ ಒರೆಸಿದರು, ಗೋಡೆ ಒರೆಸಿದರು, ಡಬ್ಬಿಗಳನ್ನು ಸಾಲಾಗಿ ಜೋಡಿಸಿದರು. ಅವಳು ಬರುವ ಹೊತ್ತಿಗೆ ಅಡುಗೆಮನೆ ಕನ್ನಡಿಯಂತಿತ್ತು.

ಹೆಂಡತಿ ಬಂದವಳು ನೇರ ಸಿಂಕಿನ ಹತ್ತಿರ ಹೋದಳು. ನಲ್ಲಿ ತಿರುಗಿಸಿ, ನಿಲ್ಲಿಸಿ, ಕಾದಳು. ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು.

‘ಯಾರ ಹತ್ರ ಮಾಡಿಸಿದ್ರಿ?’

‘ನಾನೇ ಮಾಡಿದ್ದು.’

‘ನೀವೇನಾ? ಎಷ್ಟು ಹೊತ್ತು ಹಿಡೀತು?’

ಲೈಬ್ರರಿಯವರಿಗೆ ಬದುಕಿನಲ್ಲಿ ಜಂಬ ಕೊಚ್ಚಿಕೊಳ್ಳುವ ಅವಕಾಶ ಬಂದದ್ದೇ ಕಡಿಮೆ. ‘ಏನಿಲ್ಲ,’ ಎಂದರು ಹಗುರವಾಗಿ. ‘ಅರ್ಧ ಗಂಟೆ.’

ಅವಳು ಮೆಲ್ಲನೆ ಕುರ್ಚಿಯ ಮೇಲೆ ಕೂತಳು. ಅವರು ನಿರೀಕ್ಷಿಸಿದ್ದ ನಗು ಬರಲಿಲ್ಲ.

‘ಬಸ್ಸಲ್ಲಿ ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳ್ಕೊಂಡು ಬಂದೆ ರೀ. ಪಾಪ, ಅವರಿಗೆ ಅದು ಬರಲ್ಲ. ಹೇಳ್ಕೊಳ್ಳೋಕೆ ಸಂಕೋಚ, ಅದಕ್ಕೆ ಭಾನುವಾರ ಅಂತಾರೆ. ಬರದವ್ರನ್ನ ಎಷ್ಟು ಅಂತ ಬಯ್ಯೋದು, ಇನ್ಮೇಲೆ ಆ ವಿಷಯಾನೇ ಎತ್ತಬಾರದು ಅಂತ.’ ಅವಳು ಹೆಗಲಿನ ಬ್ಯಾಗು ಕೆಳಗಿಟ್ಟಳು. ‘ನಿಮಗೆ ಬರ್ತಿತ್ತು. ಅರ್ಧ ಗಂಟೆ. ನನಗೋಸ್ಕರ ಅರ್ಧ ಗಂಟೆ ಇರ್ಲಿಲ್ಲ ನಿಮ್ಮ ಹತ್ರ.’

‘ಇಲ್ಲ ಕಣೇ! ಸುಳ್ಳು ಹೇಳ್ದೆ! ಇಡೀ ದಿನ ಹಿಡೀತು. ನೀರು ಸೂರಿಗೆ ಹಾರಿತ್ತು, ಮನೆಯೆಲ್ಲ ಕೆರೆ ಆಗಿತ್ತು!’

ಅವಳು ಥಳಥಳಿಸುವ ನೆಲ ನೋಡಿದಳು, ಒಣಗಿದ ಗೋಡೆ ನೋಡಿದಳು.

ಲೈಬ್ರರಿಯವರು ಬಾಗಿಲಿಗೆ ಓಡಿದರು. ‘ಟೈಲರಮ್ಮಾ! ಬೆಳಿಗ್ಗೆ ಇಲ್ಲಿ ಏನಾಯ್ತು ಅಂತ ಸ್ವಲ್ಪ ಹೇಳಿ!’ ಈ ಸಲ ಅವರ ಕೂಗು ಕೇಳಿಸಿತು.

ಟೈಲರಮ್ಮ ಕತ್ತರಿ ಹಿಡಿದುಕೊಂಡೇ ಬಂದಳು. ಕೊಟ್ಟ ಮಾತು ಉಳಿಸಿಕೊಳ್ಳುವ ಹೆಂಗಸು. ‘ಏನೂ ಆಗ್ಲಿಲ್ವಲ್ಲ ಅಕ್ಕಾ! ಒಂದು ತೊಟ್ಟು ನೀರು ಆಚೆ ಬರ್ಲಿಲ್ಲ. ಹೂವು ಎತ್ತಿಟ್ಟ ಹಾಗೆ ಮಾಡಿ ಮುಗಿಸಿದ್ರು. ಎಂಥಾ ಕೈ ಅಂತೀರಿ!’ ಎಂದು, ಉಪಕಾರ ಮಾಡಿದ ತೃಪ್ತಿಯಿಂದ ಲೈಬ್ರರಿಯವರ ಕಡೆ ನೋಡಿ ಹೊರಟುಹೋದಳು.

ಹೆಂಡತಿ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಕೂರಲಿಲ್ಲ. ಬಾಗಿಲು ಕಿರ್ರೆಂದು ತಾನಾಗಿಯೇ ತೆರೆದುಕೊಂಡಿತು. ಅವಳು ಮತ್ತೆ ನೂಕಿದಳು, ಅದು ಮತ್ತೆ ತೆರೆದುಕೊಂಡಿತು. ಸಡಿಲವಾಗಿ ಜೋತಾಡುತ್ತಿದ್ದ ಆ ಚಿಲಕವನ್ನು ಒಂದು ಕ್ಷಣ ನೋಡಿ, ಆಮೇಲೆ ಗಂಡನ ಕಡೆ ತಿರುಗಿದಳು.

‘ಇದೆಷ್ಟು ಹೊತ್ತಿನ ಕೆಲಸ?’

ಎಷ್ಟು ಹೊತ್ತು ಎಂದರೂ ತಪ್ಪೇ ಎಂದು ಲೈಬ್ರರಿಯವರಿಗೆ ಅರ್ಥವಾಯಿತು. ಅವರು ಸ್ಕ್ರೂಡ್ರೈವರ್ ಹುಡುಕಲು ಹೋದರು.