ಮುಚ್ಚಳ ತೆಗೆಯಬಾರದ ಒಲೆ

"ಬರೋ ಶನಿವಾರ ಸಂಜೆ ಯಾರೂ ಮನೇಲಿ ಒಲೆ ಹಚ್ಚಬೇಡಿ. ಊಟ ನಮ್ಮಲ್ಲಿ, ಮಾಂಸ ನನ್ನ ಕೈಯಿಂದ!"

ಚರ್ಚಿನ ಮೆಟ್ಟಿಲ ಮೇಲೆ ನಿಂತು ವೆಂಡೆಲ್ ಹೀಗೆ ಸಾರಿದಾಗ ಅವನ ಹೆಂಡತಿ ಲೊರೀನ್ ಕೊಡೆ ಬಿಚ್ಚಿ ಮುಖ ಮುಚ್ಚಿಕೊಂಡಳು. ಟೆಕ್ಸಾಸಿನ ಆ ಊರಿಗೆ ಮಳೆ ಬಂದು ಎಷ್ಟೋ ದಿನವಾಗಿತ್ತು.

ವಿಷಯ ಇಷ್ಟೆ. ಲೊರೀನಳ ಅಪ್ಪ ಎಲ್‌ರಾಯ್ ಅವರಿಗೆ ಸೊಂಟ ಹಿಡಿದುಕೊಂಡಿತ್ತು. ತಾವೇ ಬೆಸುಗೆ ಹಾಕಿ ಮಾಡಿದ ಮುಚ್ಚಿಟ್ಟು ಹೊಗೆಯಲ್ಲೇ ಮಾಂಸ ಬೇಯಿಸುವ ಕಬ್ಬಿಣದ ಹೊಗೆಒಲೆಯನ್ನು ಇಬ್ಬರು ಅಳಿಯಂದಿರಲ್ಲಿ ಒಬ್ಬರಿಗೆ ಕೊಟ್ಟುಬಿಡುವ ಮನಸ್ಸು ಮಾಡಿದ್ದರು. ಆ ಒಲೆಯ ಮಾಂಸ ತಿನ್ನಲು ಹೋದಾಗಲೇ ವೆಂಡೆಲ್ ಲೊರೀನಳನ್ನು ಮೊದಲು ನೋಡಿದ್ದು. ಅದು ಕಿರಿಯ ಅಳಿಯ ಡೇಲ್‌ನ ಪಾಲಾದರೆ? ಅದನ್ನು ಅವನು ನೆನೆಯಲೂ ಒಲ್ಲ.

"ದನದ ಎದೆಮಾಂಸ ಬೇಯಿಸಿ ತೋರ್ಸಿ. ಹಲ್ಲಿಲ್ಲದ ನಾನು ತಿನ್ನೋ ಹಾಗಿದ್ರೆ ಬೇಯಿಸಿದವರಿಗೆ ಒಲೆ. ಇಲ್ಲಾಂದ್ರೆ ಡೇಲ್‌ಗೆ," ಎಂದು ಮಾವ ಒಲೆಯನ್ನೂ ತಮ್ಮ ಹಳೆಯ ಕುರ್ಚಿಯನ್ನೂ ವೆಂಡೆಲ್‌ನ ಹಿತ್ತಲಿಗೆ ತರಿಸಿದರು. ಹೊರಡುವಾಗ ಒಂದೇ ಬುದ್ಧಿಮಾತು: "ಅಳಿಯಂದಿರೇ, ಮುಚ್ಚಳ ತೆಗೀಬೇಡಿ."

ಶನಿವಾರ ನಸುಕಿಗೇ ವೆಂಡೆಲ್ ಉಪ್ಪು, ಮೆಣಸು ಸವರಿ ಮಾಂಸವನ್ನು ಒಲೆಗೇರಿಸಿದ. ಮಧ್ಯಾಹ್ನದವರೆಗೆ ಎಲ್ಲವೂ ಸರಾಗ. ಆಮೇಲೆ ಶಾಖ ತೋರಿಸುವ ಮುಳ್ಳು ಮೊಂಡೆತ್ತಿನಂತೆ ನಿಂತೇಬಿಟ್ಟಿತು!

"ಲೊರೀನ್! ಮುಳ್ಳು ಸತ್ತುಹೋಯ್ತು ಕಣೇ!"

"ಗಟ್ಟಿ ಮಾಂಸ ಅಂದ್ರೆ ಹಾಗೇ ರೀ. ಸ್ವಲ್ಪ ಹೊತ್ತು ನಿಂತು ಆಮೇಲೆ ತಾನೇ ಏರತ್ತೆ. ಆಗೆಲ್ಲ ಅಪ್ಪ ಕುರ್ಚೀಲಿ ಕೂತು ಗೊರಕೆ ಹೊಡೀತಿದ್ರು. ನೀವೂ ಹೊಡೀರಿ."

"ನಾನು ಗೊರಕೆ ಹೊಡೀತಿದ್ರೆ ಡೇಲ್ ಬಂದು ಒಲೆ ಎಳ್ಕೊಂಡು ಹೋಗ್ತಾನೆ!"

ಮುಚ್ಚಳ ತೆಗೆದು ನೋಡಿದ. ಬೆಂದಿರಲಿಲ್ಲ. ಮುಚ್ಚಿದ. ಜೀವ ತಡೆಯದೆ ಮತ್ತೆ ತೆಗೆದ. ತೆಗೆದಾಗಲೆಲ್ಲ ಶಾಖ ಹಾರಿಹೋಗುತ್ತಿತ್ತು, ಮುಳ್ಳು ಇನ್ನೂ ಕೆಳಗಿಳಿಯುತ್ತಿತ್ತು. ಗಾಬರಿಯಿಂದ ಹಸಿ ಕಟ್ಟಿಗೆ ತುರುಕಿದ. ಬಿಳಿಹೊಗೆ ಗುಪ್ಪೆಂದು ಎದ್ದು ಹಗ್ಗದ ಮೇಲೆ ಒಣಗುತ್ತಿದ್ದ ಹಾಸಿಗೆ ಬಟ್ಟೆಗಳಿಗೆಲ್ಲ ಸ್ನಾನ ಮಾಡಿಸಿತು.

"ಮಾಂಸ ಬೇಯದಿದ್ರೂ ನನ್ನ ದುಪ್ಪಟಿ ಬೆಂದವು!" ಎಂದು ಲೊರೀನ್ ಕಿಟಕಿಯಿಂದ ಕೂಗಿದಳು.

ಸಂಜೆ ಮಾಂಸ ಹೊರಬಂತು. ಮೇಲೆ ಕರಿ ಕಹಿ, ಒಳಗೆ ಬೂಟಿನ ತಳ. ಚಾಕು ಒಳಗೆ ಹೋಗಲೊಲ್ಲದು; ಕಷ್ಟಪಟ್ಟು ಹೋದದ್ದು ಹೊರಗೆ ಬರಲೊಲ್ಲದು. ವೆಂಡೆಲ್ ಮೆಟ್ಟಿಲ ಮೇಲೆ ಕುಸಿದು ಕೂತ. ಅಳು ಬರುವುದೊಂದು ಬಾಕಿ.

ಲೊರೀನ್ ಚಾಕು ಕಿತ್ತು ಕೈಗೆತ್ತಿಕೊಂಡಳು. ಕಹಿ ಸಿಪ್ಪೆ ಹೆರೆದು ಎಸೆದಳು. ಉಳಿದದ್ದನ್ನು ಕೊಚ್ಚಿ ಒಣಮೆಣಸಿನಕಾಯಿ, ಜೀರಿಗೆ, ಈರುಳ್ಳಿಯ ಜೊತೆ ಕುಕ್ಕರಿಗೆ ಹಾಕಿದಳು. ಅತಿಥಿಗಳು ಬರುವ ಹೊತ್ತಿಗೆ ಅದು ಚಿಲ್ಲಿ ಎಂಬ ಘಮಘಮಿಸುವ ಖಾರದ ಮಾಂಸದ ಗೊಜ್ಜಾಗಿತ್ತು.

ಎಲ್‌ರಾಯ್ ಒಂದು ಬೋಗುಣಿ ಮುಗಿಸಿ ಇನ್ನೊಂದಕ್ಕೆ ಕೈಚಾಚಿದರು. ಮೆಕ್ಕೆಜೋಳದ ರೊಟ್ಟಿಯಿಂದ ತಳವನ್ನೂ ಒರೆಸಿದರು. ಎದುರಿಗಿದ್ದ ಡೇಲ್‌ನ ಮುಖ ಸಣ್ಣಗಾಯಿತು, ವೆಂಡೆಲ್‌ಗೆ ಹೋದ ಜೀವ ಬಂತು.

"ಮೆತ್ತಗಿತ್ತಲ್ಲ ಮಾವ? ಒಲೆ..."

"ಬೆಣ್ಣೆ ಬೆಣ್ಣೆ! ಬೇಯಿಸಿದವರಿಗೇ ಒಲೆ. ನಾನು ಮಾತು ತಪ್ಪಲ್ಲ." ಅವರು ಮಗಳ ಕಡೆ ತಿರುಗಿದರು. "ಲೊರೀನ್, ಒಲೆ ನಿಂದು."

"ಮಾವ!"

"ನಮ್ಮ ಜಗಲಿಗೆ ನಿಮ್ಮ ಹಿತ್ತಲು ಚೆನ್ನಾಗಿ ಕಾಣತ್ತೆ ಅಳಿಯಂದಿರೇ. ಮಧ್ಯಾಹ್ನ ಪೂರ್ತಿ ನೋಡ್ತಾ ಕೂತಿದ್ದೆ. ಆ ಬಿಳಿಹೊಗೆ ನೋಡಿ, ಇವರು ದನ ಬೇಯಿಸ್ತಿದ್ದಾರೋ, ಹೊಸ ಪೋಪನ್ನ ಆರಿಸ್ತಿದ್ದಾರೋ ಗೊತ್ತಾಗ್ಲಿಲ್ಲ!"

ಮುದುಕರು ಜೇಬಿನಿಂದ ದಪ್ಪನೆಯ ಬೀಗವೊಂದನ್ನು ತೆಗೆದು ಮಗಳ ಕೈಗಿಟ್ಟರು. "ಮುಚ್ಚಳಕ್ಕೆ ಹಾಕ್ಕೋ ಮಗಳೇ. ಬೀಗದ ಕೈ ಮಾತ್ರ ಇವರಿಗೆ ಸಿಗಬಾರದು."

"ಹಾಗಾದ್ರೆ ನನಗೇನು ಕೆಲಸ?" ವೆಂಡೆಲ್ ಬೀಗವನ್ನೇ ನೋಡುತ್ತ ಕೇಳಿದ.

ಲೊರೀನ್ ಅಪ್ಪನ ಹಳೆಯ ಕುರ್ಚಿಯನ್ನು ಒಲೆಯ ಪಕ್ಕಕ್ಕೆ ಎಳೆದು, ಸೆರಗಿಲ್ಲದ್ದರಿಂದ ಏಪ್ರನ್ನಿನ ತುದಿಯಿಂದಲೇ ಧೂಳು ಒರೆಸಿದಳು.

"ಕೂತ್ಕೊಳ್ಳಿ ರೀ. ಗೊರಕೆ ಹೊಡೀರಿ."